ಅಂಚಿನ ಕುರ್ಚಿ

ನಾಟಕ ರಾತ್ರಿ 10ಕ್ಕೆ ಮುಗಿಯುತ್ತದೆ, ಪುಟ 11.15ಕ್ಕೆ ಅಚ್ಚಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ನಡುವೆ ಇರುವುದು 75 ನಿಮಿಷ. ರಂಗಮಂದಿರದ ಗುಂಪು ದಾಟಿ ಬರೆಯಲು ಕೂರುವಷ್ಟರಲ್ಲಿ 15 ನಿಮಿಷ ಹೋಗಿರುತ್ತದೆ. ಉಪಸಂಪಾದಕರು ಓದಿ, ತಲೆಬರಹ ಕೊಟ್ಟು, ಪುಟದಲ್ಲಿ ಕೂರಿಸಲು 20 ಬೇಕು. ವಿಮರ್ಶಕರ ಪಾಲಿಗೆ ಉಳಿಯುವುದು 40. ವಾರಗಟ್ಟಲೆ ತಾಲೀಮು ಮಾಡಿ ಕಟ್ಟಿದ ಎರಡೂವರೆ ಗಂಟೆಯ ಪ್ರಯೋಗವನ್ನು ಅಷ್ಟರೊಳಗೆ 400 ಪದಕ್ಕೆ ಇಳಿಸಬೇಕು. ಬೆಳಗಾದರೆ ಅದನ್ನು ನಟರು ಓದುತ್ತಾರೆ, ನಿರ್ದೇಶಕರು ಓದುತ್ತಾರೆ, ಟಿಕೆಟ್ ಕೊಳ್ಳಲೋ ಬೇಡವೋ ಎಂದು ಅನುಮಾನದಲ್ಲಿರುವವರೂ ಓದುತ್ತಾರೆ. ದಿನಪತ್ರಿಕೆಯ ರಂಗವಿಮರ್ಶಕರ ಗುಣ, ದೋಷ ಎರಡರ ಬಹುಪಾಲೂ ಈ ಲೆಕ್ಕದಿಂದಲೇ ಹುಟ್ಟಿದ್ದು.

ವಿಮರ್ಶಕರ ಕೆಲಸ ತೀರ್ಪು ಕೊಡುವುದು ಎಂದೇ ಹೆಚ್ಚಿನವರ ಎಣಿಕೆ. ನೂರು ವರ್ಷ ಹಳೆಯ ವಿಮರ್ಶೆಗಳನ್ನು ಓದಿದರೆ ಈ ಎಣಿಕೆ ಸಡಿಲವಾಗುತ್ತದೆ. ತೀರ್ಪು ಬೇಗ ಹಳಸುತ್ತದೆ. ಯಾವುದೋ ಕಾಲದ ಯಾವುದೋ ಪ್ರಯೋಗ ‘ಬಹಳ ಚೆನ್ನಾಗಿತ್ತು’ ಎಂಬ ಸಾಲು ಇವತ್ತಿನವರಿಗೆ ಏನನ್ನೂ ಕೊಡುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ ಸಾಲು ಮಾತ್ರ ಇನ್ನೂ ಬೆಚ್ಚಗಿರುತ್ತದೆ. 1895ರ ಜೂನ್‌ನಲ್ಲಿ ಸಾರಾ ಬರ್ನ್‌ಹಾರ್ಟ್ ಮತ್ತು ಎಲಿಯೊನೊರಾ ಡೂಸೆ ಇಬ್ಬರು ನಟಿಯರೂ ಲಂಡನ್ನಿನಲ್ಲಿ ಜರ್ಮನ್ ನಾಟಕಕಾರ ಸುಡರ್‌ಮನ್ ಬರೆದ ಮಾಗ್ದಾ ಪಾತ್ರವನ್ನು ಮಾಡಿದರು. ಆಗ ‘ಸ್ಯಾಟರ್‌ಡೇ ರಿವ್ಯೂ’ ವಾರಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದವರು ಬರ್ನಾರ್ಡ್ ಶಾ. ಡೂಸೆಯೇ ಮೇಲು ಎಂದು ಅವರು ಹೇಳಿದ್ದು ಇಂದು ಬರೀ ಒಂದು ಮಾಹಿತಿ. ಆದರೆ ಮಾಗ್ದಾಳ ಹಳೆಯ ಪ್ರಿಯಕರ ಹೂಗುಚ್ಛ ಹಿಡಿದು ಎದುರು ಕೂತಾಗ ಡೂಸೆಯ ಮುಖದ ಮೇಲೆ ಕೆಂಪು ಏರಿತು, ಅದು ಹೆಚ್ಚುತ್ತಲೇ ಹೋಯಿತು, ಕೊನೆಗೆ ಅವರು ಕೈಗಳಲ್ಲಿ ಮುಖ ಮುಚ್ಚಿಕೊಂಡರು ಎಂದು ಶಾ ಬರೆದರಲ್ಲ, ಆ ಸಂಜೆ ಅಲ್ಲಿ ಉಳಿದುಕೊಂಡಿದೆ. ಈ ಕೆಂಪು ಪ್ರತಿ ಸಲವೂ ತಾನಾಗಿಯೇ ಬರುತ್ತದೆಯೇ ಎಂಬ ಕುತೂಹಲವನ್ನೂ ಅವರು ಜೊತೆಗೇ ಬರೆದಿಟ್ಟರು.

ಹಾಗೆ ಬರೆಯಬೇಕಾದರೆ ಹಾಗೆ ನೋಡಿರಬೇಕು, ನೋಡಿದ್ದು ಕೈಯಲ್ಲಿ ಉಳಿದಿರಬೇಕು. ಕತ್ತಲಲ್ಲಿ ಟಿಪ್ಪಣಿ ಮಾಡುವುದು ಕೂತು ಕಲಿಯಬೇಕಾದ ಕಸುಬು. ಅಂಗೈಗಿಂತ ತುಸು ದೊಡ್ಡದಾದ, ಹೊಲಿಗೆ ಹಾಕಿದ ಪುಸ್ತಕ ಬೇಕು. ತಂತಿ ಸುರುಳಿಯ ಪುಸ್ತಕ ಹಾಳೆ ಮಗುಚಿದಾಗಲೆಲ್ಲ ಸದ್ದು ಮಾಡುತ್ತದೆ, ರಂಗದ ಮೇಲೆ ಮೌನವಿದ್ದಾಗ ಆ ಸದ್ದು ಎರಡು ಸಾಲು ಆಚೆಗೂ ಕೇಳುತ್ತದೆ. ಬಾಲ್‌ಪೆನ್ನು ಕತ್ತಲಲ್ಲಿ ಕೈಕೊಟ್ಟರೆ ಗೊತ್ತೇ ಆಗುವುದಿಲ್ಲ, ಹೊರಗೆ ಬಂದು ಬೆಳಕಿಗೆ ಹಿಡಿದರೆ ಹಾಳೆಯಲ್ಲಿ ಬರೀ ಗೀರು. ಮೆದು ಸೀಸದ ಪೆನ್ಸಿಲ್ ಎರಡಿದ್ದರೆ ಸಾಕು. ತುದಿಯಲ್ಲಿ ದೀಪವಿರುವ ಪೆನ್ನು, ಮೊಬೈಲು ಎರಡೂ ಬೇಡವೇ ಬೇಡ. ಅವುಗಳ ಬೆಳಕು ಪಕ್ಕದವರ ನಾಟಕವನ್ನು ಕೆಡಿಸುತ್ತದೆ, ಬರೆಯುವವರ ಕಣ್ಣೂ ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮಂದ ಬೆಳಕಿನ ದೃಶ್ಯವೊಂದು ಕಳೆದುಹೋಗಿರುತ್ತದೆ.

ಎಡಗೈ ಹೆಬ್ಬೆರಳನ್ನು ಹಾಳೆಯ ಅಂಚಿನಲ್ಲಿಟ್ಟು, ಒಂದು ಸಾಲು ಬರೆದಾಗಲೆಲ್ಲ ಅದನ್ನು ಒಂದು ಬೆರಳಿನಷ್ಟು ಕೆಳಗೆ ಜಾರಿಸಬೇಕು. ಇಲ್ಲದಿದ್ದರೆ ಸಾಲಿನ ಮೇಲೆ ಸಾಲು ಬಿದ್ದು ಎರಡೂ ಹಾಳು. ದೃಶ್ಯ ಬದಲಾದರೆ ಹಾಳೆ ಬದಲಿಸಬೇಕು. ಒಂದು ಟಿಪ್ಪಣಿಗೆ ಐದಾರು ಪದ ಸಾಕು: ‘ಪತ್ರ ಓದಲ್ಲ, ಮಡಚಿ ಚಪ್ಪಲಿಯೊಳಗೆ’ ಎಂಬಷ್ಟು. ಮಾತನ್ನು ಇದ್ದ ಹಾಗೇ ಬರೆದುಕೊಂಡರೆ ಉದ್ಧರಣ ಚಿಹ್ನೆ ಹಾಕಬೇಕು, ಅರ್ಥವನ್ನಷ್ಟೇ ಹಿಡಿದುಕೊಂಡರೆ ಹಾಕಬಾರದು. ಈ ಸಣ್ಣ ಶಿಸ್ತು ತಪ್ಪಿದರೆ ನಾಟಕಕಾರರು ಬರೆಯದ ಮಾತನ್ನು ಅವರ ಬಾಯಿಗೆ ಹಾಕಿ ಅಚ್ಚು ಮಾಡಿದ ಹಾಗಾಗುತ್ತದೆ. ಎರಡೂವರೆ ಗಂಟೆಯ ನಾಟಕಕ್ಕೆ 30ರಿಂದ 40 ಟಿಪ್ಪಣಿ ಆರೋಗ್ಯದ ಲಕ್ಷಣ. ನೂರು ದಾಟಿತೆಂದರೆ ನೋಡಿದ್ದು ರಂಗವನ್ನಲ್ಲ, ಪುಸ್ತಕವನ್ನು. ಪಾತ್ರವೊಂದು ಮೊದಲ ಸಲ ಪ್ರವೇಶಿಸುವಾಗ ಮಾತ್ರ ತಲೆ ತಗ್ಗಿಸಲೇಬಾರದು. ನಟ ಯಾವ ಕಾಲು ಮುಂದಿಟ್ಟು ಬಂದ, ಯಾರನ್ನು ಮೊದಲು ನೋಡಿದ, ಎಲ್ಲಿ ನಿಂತ ಎಂಬುದರಲ್ಲೇ ಅರ್ಧ ಪಾತ್ರ ಇರುತ್ತದೆ. ವಾರದ ಅಂಕಣಕ್ಕೆ ಬರೆಯುವವರೂ ಮನೆಗೆ ಹೋದ ರಾತ್ರಿಯೇ ಟಿಪ್ಪಣಿಗಳನ್ನು ಬಿಡಿಸಿ ಬರೆದಿಡಬೇಕು. ಬೆಳಗಾದರೆ ತಮ್ಮ ಅಕ್ಷರ ತಮಗೇ ತಿಳಿಯುವುದಿಲ್ಲ.

ಪ್ರೇಕ್ಷಕರನ್ನೂ ಬರೆದುಕೊಳ್ಳಬೇಕು. ಇದು ಹೊಸ ಮಾತೇನಲ್ಲ. ನಾಟ್ಯಶಾಸ್ತ್ರದ ಸಿದ್ಧಿಯ ಅಧ್ಯಾಯ ಪ್ರಯೋಗ ಗೆದ್ದಿತೆಂಬುದಕ್ಕೆ ಗುರುತುಗಳನ್ನೇ ಹೇಳುತ್ತದೆ: ಮುಗುಳ್ನಗೆ, ಅರ್ಧ ನಗೆ, ಜೋರು ನಗೆ, ‘ಸಾಧು’ ಎಂಬ ಉದ್ಗಾರ, ‘ಅಹೋ’, ‘ಕಷ್ಟಂ’, ಮೈ ನವಿರೇಳುವುದು, ಕೂತಲ್ಲಿಂದ ಏಳುವುದು. ತಕರಾರು ಬಂದಾಗ ನಿರ್ಣಯಿಸಲು ಪ್ರಾಶ್ನಿಕರು ಹತ್ತು ಬಗೆಯವರು. ಯಜ್ಞದ ವಿಷಯಕ್ಕೆ ಯಜ್ಞ ಬಲ್ಲವರು, ಛಂದಸ್ಸಿಗೆ ಛಂದಸ್ಸು ಬಲ್ಲವರು, ಅಭಿನಯಕ್ಕೆ ನರ್ತಕರು, ಬಿಲ್ಲು ಹಿಡಿದ ನಿಲುವಿಗೆ ಬಿಲ್ಲುಗಾರರು, ವೇಷಕ್ಕೆ ಚಿತ್ರಕಾರರು, ಹೀಗೆ. ದಿನಪತ್ರಿಕೆ ಈ ಹತ್ತೂ ಮಂದಿಯ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿತು. ಆ ಒಬ್ಬರಿಗೆ ತಮಗೆ ಯಾವ ಏಳು ವಿಷಯ ತಿಳಿಯದು ಎಂಬ ಅರಿವಾದರೂ ಇರಲೇಬೇಕು. ಸಭಾಂಗಣದ ಕೆಮ್ಮು ಕೂಡ ಒಂದು ಗುರುತು. ಗಮನ ಹಿಡಿದ ದೃಶ್ಯದಲ್ಲಿ ಕೆಮ್ಮು ತಾನಾಗಿ ನಿಲ್ಲುತ್ತದೆ, ದೃಶ್ಯ ಸಡಿಲವಾದ ಕೂಡಲೇ ಒಂದು ಮೂಲೆಯಿಂದ ಶುರುವಾಗಿ ಹರಡುತ್ತದೆ. ಎಷ್ಟನೇ ನಿಮಿಷಕ್ಕೆ ಶುರುವಾಯಿತೆಂದು ಬರೆದುಕೊಂಡರೆ ಆಮೇಲೆ ಕಾರಣ ಹುಡುಕಬಹುದು.

ಕೂರುವ ಜಾಗ ಸಾಮಾನ್ಯವಾಗಿ ಐದರಿಂದ ಹತ್ತನೇ ಸಾಲಿನೊಳಗೆ, ನಡುದಾರಿಯ ಅಂಚಿನ ಕುರ್ಚಿ. ಡೆಡ್‌ಲೈನಿಗೆ ಓಡುವವರು ಇಪ್ಪತ್ತು ಮಂದಿಯ ಮೊಣಕಾಲು ದಾಟಿಕೊಂಡು ಹೋಗುವಂತಿರಬಾರದು, ಅದಕ್ಕೆ ಅಂಚು. ಈ ಕುರ್ಚಿ ಸೌಕರ್ಯ ಕೊಡುತ್ತದೆ, ಮೋಸವನ್ನೂ ಮಾಡುತ್ತದೆ. ಅಲ್ಲಿಂದ ನಟರ ಹುಬ್ಬು ಕಾಣುತ್ತದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ. ಬಾಲ್ಕನಿಯ ಕೊನೇ ಸಾಲಿನವರಿಗೆ ಎರಡೂ ಇಲ್ಲ. ಗುಂಪಿನ ಚಲನೆ, ನೆಲದ ಮೇಲೆ ಬಿದ್ದ ಬೆಳಕಿನ ಆಕಾರ ಮೇಲಿನವರಿಗೆ ಕಾಣುತ್ತದೆ, ಕೆಳಗಿನವರಿಗೆ ಅಷ್ಟಾಗಿ ಕಾಣದು. ಸಾಧ್ಯವಾದರೆ ವಿರಾಮದ ನಂತರ ಹಿಂದೆ ಹೋಗಿ ಹತ್ತು ನಿಮಿಷ ನಿಂತು ನೋಡಬೇಕು. ವಿರಾಮದಲ್ಲಿ ಇತರ ವಿಮರ್ಶಕರ ಜೊತೆ ನಾಟಕದ ಮಾತು ಬೇಡ. ಅಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಯಿತೆಂದರೆ ಮರುದಿನ ನಾಲ್ಕು ಪತ್ರಿಕೆಗಳಲ್ಲಿ ಒಂದೇ ವಿಮರ್ಶೆ ಬರುತ್ತದೆ. ಅರ್ಧಕ್ಕೆ ಎದ್ದುಹೋದರೆ ಬರೆಯಬಾರದು, ಬರೆಯಲೇಬೇಕಾದರೆ ಎದ್ದುಹೋದದ್ದನ್ನು ಬರಹದಲ್ಲೇ ಹೇಳಬೇಕು.

ಇನ್ನು ಆ 40 ನಿಮಿಷ. ಕಥಾಸಾರಕ್ಕೆ 70 ಪದಕ್ಕಿಂತ ಹೆಚ್ಚು ಕೊಟ್ಟರೆ ವಿಮರ್ಶೆ ಅಲ್ಲಿಗೇ ಸತ್ತಿತು. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಕಥೆ ಹೇಳುವುದು ಸುಲಭ, ಕೈ ಓಡುತ್ತದೆ, ಗಡಿಯಾರ ಹೆದರಿಸುತ್ತಿರುತ್ತದೆ. ಮೊದಲ ವಾಕ್ಯಕ್ಕೆ ಟಿಪ್ಪಣಿಯಲ್ಲಿರುವ ಅತಿ ಗಟ್ಟಿಯಾದ ಒಂದು ದೃಶ್ಯವನ್ನು ಎತ್ತಿಕೊಂಡರೆ ಉಳಿದದ್ದು ಅದರ ಹಿಂದೆ ಬರುತ್ತದೆ. ಇನ್ನೊಂದು ಸಂಗತಿಯನ್ನು ಪತ್ರಿಕೆಯ ಒಳಗಿದ್ದವರು ಮಾತ್ರ ಬಲ್ಲರು: ಜಾಗ ಸಾಲದಿದ್ದರೆ ಉಪಸಂಪಾದಕರು ಕತ್ತರಿಸುವುದು ಬಾಲದಿಂದ. ಮುಖ್ಯ ಆಕ್ಷೇಪವನ್ನು ಕೊನೆಗೆ ಇಟ್ಟಿದ್ದರೆ ಅಚ್ಚಾಗುವುದು ಬರೀ ಹೊಗಳಿಕೆ. ಬೆಳಕು, ಪ್ರಸಾಧನ, ರಂಗಸಜ್ಜಿಕೆ ಮಾಡಿದವರ ಹೆಸರುಗಳು ಕೊನೆಯ ಪ್ಯಾರಾದಲ್ಲಿ ಸಾಲಾಗಿ ನಿಂತಿದ್ದರೆ ಆ ಪ್ಯಾರಾವೇ ಹಾರಿಹೋಗುತ್ತದೆ. ಅವರ ಕೆಲಸ ಯಾವ ದೃಶ್ಯದಲ್ಲಿ ಮುಖ್ಯವಾಯಿತೋ ಆ ದೃಶ್ಯದ ಜೊತೆಗೇ ಹೆಸರು ಕೂರಿಸಬೇಕು. ತಲೆಬರಹ ಕೊಡುವವರು ಬೇರೆಯವರು. ಎಷ್ಟೋ ಸಲ ಜಗಳ ತರುವುದು ವಿಮರ್ಶಕರು ಬರೆಯದ ಆ ನಾಲ್ಕು ಪದ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. ‘ಪಾತ್ರಕ್ಕೆ ಜೀವ ತುಂಬಿದರು’, ‘ಮನೋಜ್ಞ ಅಭಿನಯ’, ‘ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿತು’, ‘ಬೆಳಕು ಪೂರಕವಾಗಿತ್ತು’, ‘ಸಂಗೀತ ಹಿತಮಿತವಾಗಿತ್ತು’. ಈ ಐದು ಸಾಲನ್ನು ನಾಟಕ ನೋಡದೆಯೂ ಬರೆಯಬಹುದು, ಇವಕ್ಕಿರುವ ದೋಷ ಇಷ್ಟೇ, ಮತ್ತು ಇದು ದೊಡ್ಡ ದೋಷ. ಮದ್ದು ಸರಳ. ಪ್ರತಿ ವಿಶೇಷಣದ ಎದುರು ‘ಏನು ಮಾಡಿದ್ದರಿಂದ?’ ಎಂದು ಕೇಳಿಕೊಂಡು, ಉತ್ತರವನ್ನೇ ಬರೆದು, ವಿಶೇಷಣವನ್ನು ಹೊಡೆದುಹಾಕುವುದು. ಬೆಳಕು ಪೂರಕವಾಗಿತ್ತು ಎಂಬಲ್ಲಿ ‘ತಾಯಿ ಮಾತು ನಿಲ್ಲಿಸಿದ ಮೇಲೂ ಅವಳ ಬೆನ್ನ ಮೇಲಿನ ಬೆಳಕು ಅರ್ಧ ನಿಮಿಷ ಆರಲಿಲ್ಲ’ ಎಂದರೆ, ಓದಿದವರಿಗೆ ತೀರ್ಪು ತಾನಾಗಿ ಸಿಗುತ್ತದೆ. ಜಾಹೀರಾತಿನವರ ಕತ್ತರಿಯಿಂದ ಪಾರಾಗಲೂ ಇದೇ ದಾರಿ. ‘ಅದ್ಭುತವಾಗಬಹುದಿತ್ತು’ ಎಂದು ಬರೆದರೆ ಪೋಸ್ಟರಿನಲ್ಲಿ ‘ಅದ್ಭುತ’ ಅಷ್ಟೇ ಉಳಿದೀತು. 1962ರ ಜನವರಿಯಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯ ನಿರ್ಮಾಪಕ ಡೇವಿಡ್ ಮೆರಿಕ್ ಇನ್ನೂ ಮುಂದೆ ಹೋದರು: ನ್ಯೂಯಾರ್ಕಿನ ಏಳು ಪತ್ರಿಕೆಗಳ ವಿಮರ್ಶಕರ ಹೆಸರನ್ನೇ ಹೊತ್ತ ಏಳು ಮಂದಿ ಸಾಮಾನ್ಯರನ್ನು ಹುಡುಕಿ, ಅವರ ಹೊಗಳಿಕೆಯನ್ನು ಫೋಟೋ ಸಮೇತ ಜಾಹೀರಾತು ಮಾಡಿದರು. ಒಂದು ಪತ್ರಿಕೆಯ ಒಂದು ಆವೃತ್ತಿಯಲ್ಲಿ ಅದು ಅಚ್ಚಾಗಿಯೂ ಬಿಟ್ಟಿತು.

ಯಾರ ಕೆಲಸ ಯಾವುದು ಎಂದು ಬೇರೆ ಮಾಡುವುದು ಈ ವೃತ್ತಿಯ ಅತಿ ಕಷ್ಟದ ಭಾಗ, ಹೊರಗಿನವರಿಗೆ ಕಾಣದ ಭಾಗವೂ ಹೌದು. ಎರಡನೇ ಅಂಕ ಎಳೆದಂತೆ ಅನಿಸಿದರೆ ತಪ್ಪು ಬರಹದ್ದೋ, ನಿರ್ದೇಶಕರ ಲಯದ್ದೋ, ಪ್ರವೇಶ ತಡಮಾಡಿದ ನಟರದ್ದೋ? ಮುಖ ಕತ್ತಲಲ್ಲಿತ್ತು ಎಂದರೆ ದೀಪ ತಪ್ಪಾಗಿ ತಿರುಗಿತ್ತೋ, ನಟ ನಿಲ್ಲಬೇಕಾದ ಜಾಗ ಬಿಟ್ಟು ನಿಂತರೋ? ಒಂದು ಸಲ ಆದದ್ದನ್ನು ಆಕಸ್ಮಿಕ ಎಂದು ಬಿಡಬೇಕು. ಮೂರು ದೃಶ್ಯಗಳಲ್ಲಿ ಮರುಕಳಿಸಿದರೆ ಅದು ವಿನ್ಯಾಸ, ಬರೆಯಬಹುದು. ಮಾತು ಕೇಳಿಸದಿದ್ದರೆ ಸಭಾಂಗಣದ ಪ್ರತಿಧ್ವನಿಯನ್ನು, ರಂಗದ ಮೇಲೆ ಹಾಸಿದ ದಪ್ಪ ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ನಟರ ಕಂಠದ ಕಡೆ ತಿರುಗಬೇಕು. ಹಳೆಯ ನಾಟಕವಾದರೆ ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು, ಏನನ್ನು ಬಿಟ್ಟರು, ಎಲ್ಲಿ ಬದಲಿಸಿದರು ಎಂದು ತಿಳಿಯುತ್ತದೆ. ಹೊಸ ನಾಟಕವನ್ನು ಮಾತ್ರ ನೋಡಿದ ಮೇಲೆ ಓದಬೇಕು. ಅದು ಪ್ರೇಕ್ಷಕರಿಗೆ ಮೊದಲ ಸಲ ಹೇಗೆ ತಲುಪಿತೋ ಹಾಗೆಯೇ ವಿಮರ್ಶಕರಿಗೂ ತಲುಪಲಿ. ಕರಪತ್ರದ ಒಳಗೆ ಇಟ್ಟ ಚಿಕ್ಕ ಚೀಟಿಯನ್ನು ಮರೆಯದೆ ನೋಡಿಕೊಳ್ಳಬೇಕು. ಆ ರಾತ್ರಿ ಪಾತ್ರ ಮಾಡಿದವರು ಬದಲಿ ನಟರಾಗಿದ್ದು, ಚೀಟಿ ನೋಡದೇ ಹೋದರೆ, ವೇದಿಕೆಗೇ ಬರದವರನ್ನು ಹೊಗಳಿದ ಹಾಗಾಗುತ್ತದೆ.

ಮೊದಲ ಪ್ರದರ್ಶನ ನ್ಯಾಯವಾದ ರಾತ್ರಿಯಲ್ಲ. ನಟರು ಹೆದರಿಕೆಯಲ್ಲಿ ಮಾತನ್ನು ಓಡಿಸುತ್ತಾರೆ, ಸಭಾಂಗಣದ ಅರ್ಧ ನೆಂಟರು ಮತ್ತು ಗೆಳೆಯರಾದ್ದರಿಂದ ನಗೆ ಬೇಕಾದ್ದಕ್ಕಿಂತ ಹೆಚ್ಚು. 1966ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕರಾದ ಸ್ಟ್ಯಾನ್ಲಿ ಕಾಫ್‌ಮನ್, ಬರೆಯಲು ಹೆಚ್ಚು ಹೊತ್ತು ಸಿಗಲೆಂದು ಉದ್ಘಾಟನೆಯ ಹಿಂದಿನ ರಾತ್ರಿಯ ಪ್ರದರ್ಶನಕ್ಕೆ ಹೋಗತೊಡಗಿದರು. ಅದೇ ಮೆರಿಕ್ ಒಂದು ಸಲ ಜನರೇಟರಿನಲ್ಲಿ ಇಲಿ ಸೇರಿದೆ ಎಂಬ ಕಾರಣ ಕೊಟ್ಟು ಆ ಪ್ರದರ್ಶನವನ್ನೇ ರದ್ದು ಮಾಡಿದರು. ಕಾಫ್‌ಮನ್ ಆ ಹುದ್ದೆಯಲ್ಲಿದ್ದದ್ದು ಒಂದು ವರ್ಷಕ್ಕೂ ಕಡಿಮೆ. ಆದರೂ ಮುನ್ನಾ ಪ್ರದರ್ಶನಕ್ಕೆ ವಿಮರ್ಶಕರನ್ನು ಕರೆಯುವುದು ಮುಂದೆ ಬ್ರಾಡ್‌ವೇಯ ವಾಡಿಕೆಯಾಯಿತು. ಎಲ್ಲ ಕಡೆಯೂ ಹಾಗೇ ಆಗಬೇಕಿತ್ತು.

ವಿಮರ್ಶೆಗೆ ಬಲವಿದೆಯೇ ಎಂದು ಕೇಳುವವರ ಮುಂದೆ ಎರಡು ಘಟನೆ ಇಡಬಹುದು. 1944ರ ಡಿಸೆಂಬರ್ 26ರಂದು ಶಿಕಾಗೋದಲ್ಲಿ ಟೆನ್ನೆಸ್ಸೀ ವಿಲಿಯಮ್ಸ್ ಅವರ ‘ದಿ ಗ್ಲಾಸ್ ಮೆನಾಜರಿ’ ಆರಂಭವಾದಾಗ ಟಿಕೆಟ್ ಮಾರಾಟ ನೀರಸವಾಗಿತ್ತು, ಮುಚ್ಚುವ ಮಾತು ನಡೆದಿತ್ತು. ‘ಶಿಕಾಗೋ ಟ್ರಿಬ್ಯೂನ್’ನ ಕ್ಲಾಡಿಯಾ ಕ್ಯಾಸಿಡಿ ಒಮ್ಮೆ ಬರೆದು ಸುಮ್ಮನಾಗದೆ ಮತ್ತೆ ಮತ್ತೆ ಹೋಗಿ ನೋಡಿ, ಮತ್ತೆ ಮತ್ತೆ ಬರೆದರು. ಜನ ಬಂದರು, 1945ರ ಮಾರ್ಚ್ 31ಕ್ಕೆ ನಾಟಕ ನ್ಯೂಯಾರ್ಕ್ ತಲುಪಿತ್ತು. ಇನ್ನೊಂದು, 1958ರ ಮೇ 19ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ತೆರೆಕಂಡ ಹೆರಾಲ್ಡ್ ಪಿಂಟರ್ ಅವರ ‘ದಿ ಬರ್ತ್‌ಡೇ ಪಾರ್ಟಿ’. ದಿನಪತ್ರಿಕೆಗಳು ಹೊಡೆದುಹಾಕಿದವು, ಎಂಟು ಪ್ರದರ್ಶನಕ್ಕೆ ಶನಿವಾರ ನಿಂತುಹೋಯಿತು. ಹೆರಾಲ್ಡ್ ಹಾಬ್ಸನ್ ‘ಸಂಡೇ ಟೈಮ್ಸ್’ನಲ್ಲಿ ಅದನ್ನು ಎತ್ತಿಹಿಡಿದು ಬರೆದದ್ದು ಮರುದಿನ ಭಾನುವಾರ ಅಚ್ಚಾಯಿತು. ಪ್ರಯೋಗ ಉಳಿಯಲಿಲ್ಲ, ನಾಟಕಕಾರ ಉಳಿದರು. ವಾರಪತ್ರಿಕೆಯವರಿಗೆ ಇರುವ ಐದಾರು ದಿನದ ಬಿಡುವು ವರವೂ ಹೌದು, ಶಾಪವೂ ಹೌದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣೆ.

ಬಲವಿದ್ದಲ್ಲಿ ಹಂಗು ಹುಡುಕಿಕೊಂಡು ಬರುತ್ತದೆ. ಇಂಗ್ಲಿಷ್ ಲೇಖಕ ಲೀ ಹಂಟ್ 1805ರಲ್ಲಿ ತಮ್ಮ ಅಣ್ಣನ ‘ದಿ ನ್ಯೂಸ್’ ಪತ್ರಿಕೆಗೆ ವಿಮರ್ಶೆ ಬರೆಯತೊಡಗಿದಾಗ ಪುಕ್ಕಟೆ ಟಿಕೆಟ್ಟನ್ನೂ ನಟರ ಗೆಳೆತನವನ್ನೂ ದೂರವಿಟ್ಟರು. ಆ ಕಾಲಕ್ಕೆ ಅದು ವಿಚಿತ್ರ ನಡೆ. ಅದಕ್ಕೂ ಮೊದಲು, 1767ರಲ್ಲಿ ಜರ್ಮನ್ ನಾಟಕಕಾರ ಲೆಸ್ಸಿಂಗ್ ಹ್ಯಾಂಬರ್ಗಿನ ರಂಗಮಂದಿರದಿಂದಲೇ ಸಂಬಳ ಪಡೆದು ಅದರ ಪ್ರಯೋಗಗಳನ್ನು ವಿಮರ್ಶಿಸಲು ಕೂತರು. ನಟನಟಿಯರಿಂದ ಆಕ್ಷೇಪ ಬಂತು. ಕೆಲವೇ ತಿಂಗಳಲ್ಲಿ ಅವರು ಅಭಿನಯದ ಬಗ್ಗೆ ಬರೆಯುವುದನ್ನೇ ಬಿಟ್ಟು ನಾಟಕಸಿದ್ಧಾಂತದ ಕಡೆ ಹೊರಳಿದರು. ಸಾಹಿತ್ಯಕ್ಕೆ ಅದರಿಂದ ಲಾಭವಾಯಿತು, ಆದರೆ ಆ ನಟರು ಹೇಗೆ ನಟಿಸಿದರು ಎಂಬುದನ್ನು ಲೆಸ್ಸಿಂಗ್ ಕಣ್ಣಿನಿಂದ ನೋಡುವ ಅವಕಾಶ ನಮಗೆ ತಪ್ಪಿಹೋಯಿತು. ಇಂದು ಇಷ್ಟು ಪಾಲಿಸಿದರೆ ಸಾಕು: ಟಿಕೆಟ್ ಪತ್ರಿಕೆಯ ಹೆಸರಿಗೆ ಬರಲಿ, ನೆಂಟರೋ ಹಳೆಯ ಸಹಪಾಠಿಗಳೋ ಪಾತ್ರದಲ್ಲಿದ್ದರೆ ಬೇರೆಯವರು ಬರೆಯಲಿ, ತಾವೇ ನಾಟಕ ಬರೆದು ಅಥವಾ ಅನುವಾದಿಸಿ ತಂಡಕ್ಕೆ ಕೊಟ್ಟಿದ್ದರೆ ಆ ತಂಡದ ವಿಮರ್ಶೆ ಮುಟ್ಟದಿರಲಿ. ಕೆನೆತ್ ಟೈನನ್ 1963ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿಗೆ ಸಾಹಿತ್ಯ ವಿಭಾಗದ ಮುಖ್ಯಸ್ಥರಾಗಿ ಹೋದಾಗ ‘ಅಬ್ಸರ್ವರ್’ನ ರಂಗವಿಮರ್ಶಕರ ಕುರ್ಚಿ ಬಿಟ್ಟರು. ದಾಟುವುದು ತಪ್ಪಲ್ಲ, ಎರಡೂ ದಡದಲ್ಲಿ ಕಾಲಿಡುವುದು ತಪ್ಪು. ನಟರ ದೇಹದ ಬಗ್ಗೆ ಬರೆಯುವಾಗಲೂ ಒಂದು ಗೆರೆ ಬೇಕು. ಅವರು ತಿದ್ದಿಕೊಳ್ಳಬಹುದಾದದ್ದನ್ನು ಬರೆಯಬೇಕು, ಮೂಗು, ಎತ್ತರ, ಬಣ್ಣ ಅದರಲ್ಲಿ ಸೇರುವುದಿಲ್ಲ.

ತಪ್ಪು ಎಲ್ಲರಿಗೂ ಆಗುತ್ತದೆ. 1925ರಿಂದ 1960ರವರೆಗೆ, ಯುದ್ಧಕಾಲದ ವರದಿಗಾರಿಕೆಯ ವರ್ಷಗಳನ್ನು ಬಿಟ್ಟು, ‘ನ್ಯೂಯಾರ್ಕ್ ಟೈಮ್ಸ್’ಗೆ ಬರೆದ ಬ್ರೂಕ್ಸ್ ಅಟ್ಕಿನ್ಸನ್ 1940ರಲ್ಲಿ ‘ಪ್ಯಾಲ್ ಜೋಯಿ’ ಎಂಬ ಸಂಗೀತನಾಟಕವನ್ನು ಅದರ ಕೊಳಕು ಕಥಾವಸ್ತುವಿಗಾಗಿ ತಳ್ಳಿಹಾಕಿದ್ದರು, 1952ರ ಮರುಪ್ರಯೋಗ ನೋಡಿ ಹೊಗಳಿದರು. 1971ರಿಂದ 2019ರವರೆಗೆ ‘ಗಾರ್ಡಿಯನ್’ಗೆ ಬರೆದ ಮೈಕೆಲ್ ಬಿಲ್ಲಿಂಗ್ಟನ್ 1995ರಲ್ಲಿ ಸಾರಾ ಕೇನ್ ಅವರ ‘ಬ್ಲಾಸ್ಟೆಡ್’ ಅನ್ನು ಜರೆದು, ಆಮೇಲೆ ತಾವು ತಪ್ಪಿದೆವೆಂದು ಬಹಿರಂಗವಾಗಿ ಒಪ್ಪಿದರು. ಹೆಸರು, ತಾರೀಕು, ಪಾತ್ರ ತಪ್ಪಿದ್ದರೆ ಮರುದಿನವೇ ತಿದ್ದುಪಡಿ ಹಾಕಬೇಕು. ಅಭಿಪ್ರಾಯ ತಪ್ಪಿದ್ದರೆ ತಿದ್ದಲು ಒಂದೇ ದಾರಿ, ಮತ್ತೆ ಹೋಗಿ ನೋಡುವುದು. ಮೂರು ವಾರದ ನಂತರ ಅದೇ ಪ್ರಯೋಗಕ್ಕೆ ದುಡ್ಡು ಕೊಟ್ಟು ಹೋಗುವ ವಿಮರ್ಶಕರು ಕಡಿಮೆ. ಹೋದವರ ಬರಹ ಬೇಗ ಬಲಿಯುತ್ತದೆ.

ಈ ವೃತ್ತಿಗೆ ಯಾರೂ ನೇರವಾಗಿ ಬರುವುದಿಲ್ಲ. ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತಾ, ಯಾರೂ ಹೋಗಲೊಲ್ಲದ ಸಂಜೆಗಳಿಗೆ ‘ನಾನು ಹೋಗ್ತೀನಿ’ ಎನ್ನುತ್ತಾ ಒಳಗೆ ಬರುತ್ತಾರೆ. ಪೂರ್ಣಾವಧಿಯವರು ವರ್ಷಕ್ಕೆ ಇನ್ನೂರರ ಹತ್ತಿರ ನಾಟಕ ನೋಡುವುದುಂಟು. ಅಂದರೆ ಮನೆಯ ಊಟದ ಹೊತ್ತು, ಮಕ್ಕಳು ಮಲಗುವ ಹೊತ್ತು ಎಲ್ಲವೂ ರಂಗಮಂದಿರದಲ್ಲಿ ಕಳೆಯುತ್ತದೆ. ಹತ್ತನೇ ವರ್ಷದ ಹೊತ್ತಿಗೆ ಬೇರೊಂದು ಅಪಾಯ: ಹೋಲಿಕೆ ಮಿತಿಮೀರುತ್ತದೆ. ಎದುರಿಗಿರುವ ನಾಯಕಿಯ ಬದಲು ಹಿಂದೆ ನೋಡಿದ ನಾಲ್ವರು ಕಣ್ಣಿಗೆ ಬರುತ್ತಾರೆ. ಹುಮ್ಮಸ್ಸು ಉಳಿಸಿಕೊಂಡವರೂ ಇದ್ದಾರೆ. ಜರ್ಮನ್ ಕಾದಂಬರಿಕಾರ ಥಿಯೋಡೋರ್ ಫೊಂಟಾನೆ 1870ರಿಂದ ಸುಮಾರು ಎರಡು ದಶಕ ಬರ್ಲಿನ್ನಿನ ‘ಫೋಸಿಷೆ ಝೈಟುಂಗ್’ ಪತ್ರಿಕೆಗಾಗಿ ರಾಜರಂಗಮಂದಿರದ 23ನೇ ನಂಬರಿನ ಕುರ್ಚಿಯಲ್ಲಿ ಕೂತರು. 1889ರಲ್ಲಿ, 69ರ ವಯಸ್ಸಿನಲ್ಲಿ, ಯುವ ನಾಟಕಕಾರ ಹಾಪ್ಟ್‌ಮನ್‌ರ ಮೊದಲ ನಾಟಕ ಸಭಾಂಗಣದಲ್ಲಿ ಗದ್ದಲವೆಬ್ಬಿಸಿದಾಗ ಅದರ ಪರವಾಗಿ ನಿಂತವರು ಅವರೇ.

ಈಗ ಜಾಗ ಕುಗ್ಗಿದೆ. ಎಷ್ಟೋ ಪತ್ರಿಕೆಗಳಲ್ಲಿ ಈ ಹುದ್ದೆಯೇ ಇಲ್ಲ, ಇದ್ದಲ್ಲಿ ಬರಹಕ್ಕಿಷ್ಟು ಎಂದು ಹಣ ಕೊಡುತ್ತಾರೆ, ವಿಮರ್ಶೆಯ ಜಾಗದಲ್ಲಿ ನಕ್ಷತ್ರಗಳು ಕೂತಿವೆ. ಮೂರು ನಕ್ಷತ್ರ ಎಂದರೆ ಏನೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ. ಟಿಕೆಟ್ ಕೊಳ್ಳಲು ಸಲಹೆ ಬೇಕಾದವರಿಗೆ ಇವತ್ತು ನೂರು ದಾರಿ ಇವೆ, ಅದಕ್ಕಾಗಿ ನನಗೆ ಬೇಸರವಿಲ್ಲ. ಆದರೆ ವಿಡಿಯೊ ಚಿತ್ರೀಕರಣವಾಗದ ಸಾವಿರಾರು ಪ್ರಯೋಗಗಳಲ್ಲಿ ಆ ರಾತ್ರಿ ನಿಜವಾಗಿ ಏನು ನಡೆಯಿತು ಎಂದು ಬರೆದಿಡುವವರು ಇಲ್ಲವಾಗುತ್ತಿದ್ದಾರಲ್ಲ, ಅದು ನೋವಿನ ಸಂಗತಿ.

ಹಾಗಾಗಿ ಬರೆಯುತ್ತಿರುವವರು ತಮ್ಮ ಟಿಪ್ಪಣಿ ಪುಸ್ತಕಗಳನ್ನು ಎಸೆಯಬಾರದು. ಅಚ್ಚಾದ 400 ಪದದ ಹಿಂದೆ ಅಚ್ಚಾಗದ 30 ಟಿಪ್ಪಣಿ ಇರುತ್ತವೆ, ಮುಂದೆ ಸಂಶೋಧಕರಿಗೆ ಬೇಕಾಗುವುದು ಅವೇ. ಪ್ರತಿ ಪುಸ್ತಕದ ಮೊದಲ ಹಾಳೆಯಲ್ಲಿ ಅದರೊಳಗಿನ ಪ್ರಯೋಗಗಳ ಪಟ್ಟಿ, ಪ್ರತಿ ಪ್ರಯೋಗದ ಮೇಲೆ ತಾರೀಕು, ರಂಗಮಂದಿರ, ಎಷ್ಟನೇ ಪ್ರದರ್ಶನ, ಯಾವ ಸಾಲಿನ ಕುರ್ಚಿ ಎಂದು ಬರೆದಿರಲಿ. ಕರಪತ್ರವನ್ನೂ ಬದಲಿ ನಟರ ಚೀಟಿಯನ್ನೂ ಆ ಹಾಳೆಗಳ ನಡುವೆಯೇ ಇಡಬಹುದು. ಪಿನ್ನು ಬೇಡ, ತುಕ್ಕು ಹಿಡಿಯುತ್ತದೆ. ಯಂತ್ರದಿಂದ ಬರುವ ಇಂದಿನ ಟಿಕೆಟ್ಟುಗಳ ಅಕ್ಷರ ಶಾಯಿಯದಲ್ಲ, ಶಾಖದಿಂದ ಮೂಡಿದ್ದು, ಕೆಲವು ವರ್ಷಕ್ಕೆ ಮಾಸಿ ಬಿಳಿ ಕಾಗದವಾಗಿಬಿಡುತ್ತದೆ. ಅದರ ಬೆನ್ನ ಮೇಲೆ ನಾಟಕದ ಹೆಸರನ್ನೂ ತಾರೀಕನ್ನೂ ಅದೇ ರಾತ್ರಿ ಪೆನ್ಸಿಲಿನಲ್ಲಿ ಬರೆದಿಡಿ.